ನಾಯಿಮರಿ ಬೇಕೆಂದು ಹಟ ಹಿಡಿದವನು ಈಗ ತಿರುಗಿಯೂ ನೋಡುವುದಿಲ್ಲ

ಕಟಪಾಡಿಯ ಅಮ್ಮ:
ನಮ್ಮ ಹುಡುಗ ಐದನೇ ಕ್ಲಾಸು. ಎಪ್ರಿಲ್ ರಜೆಯಲ್ಲಿ ಅಜ್ಜಿಮನೆಯಿಂದ ಊರುನಾಯಿಯ ಮರಿಯೊಂದನ್ನು ಎತ್ತಿಕೊಂಡು ಬಂದ, ಬೊಗ್ಗ ಅಂತ ಹೆಸರಿಟ್ಟ. "ಎಲ್ಲ ನಾನೇ ನೋಡ್ಕೊಳ್ತೇನೆ, ದೇವರಾಣೆ" ಅಂದಿದ್ದ. ಶಾಲೆ ಶುರುವಾಗಿ ಮಳೆ ಹಿಡಿದದ್ದೇ ತಡ, ಬೊಗ್ಗ ಯಾರೋ, ಇವನು ಯಾರೋ. ಬೆಳಿಗ್ಗೆ ಏಳು ಗಂಟೆಗೆ ನನ್ನ ಒಂದು ಕೈಯಲ್ಲಿ ದೋಸೆಯ ಸಟ್ಟುಗ, ಇನ್ನೊಂದರಲ್ಲಿ ಹಿಡಿಸೂಡಿ.

ನಮ್ಮವರು ಒಂದು ಕಾನೂನು ಮಾಡಿದ್ದಾರೆ: ಇವನು ಹಾಕದಿದ್ದರೆ ನಾಯಿಗೆ ಊಟ ಇಲ್ಲ, ಅದು ಕೂಗುವುದು ಕೇಳಿಯಾದರೂ ಇವನಿಗೆ ಬುದ್ಧಿ ಬರಲಿ ಅಂತ. ಮೊನ್ನೆ ಎರಡು ಹೊತ್ತು ಹಾಗೇ ಹೋಯಿತು. ಹುಡುಗ ಕಿವಿಗೆ ದಿಂಬು ಒತ್ತಿಕೊಂಡು ಮಲಗಿದ. ಅತ್ತೆ ಹಿಂಬಾಗಿಲಿಂದ ಬಂಗುಡೆ ತಲೆ ಹಾಕಿದ್ದು ನನಗೆ ಗೊತ್ತುಂಟು, ಬಾಯಿ ಬಿಡಲಿಲ್ಲ. ನಿನ್ನೆ ಸಂಜೆ ಅಪ್ಪನ ಬೈಗುಳಕ್ಕೆ ಹೆದರಿ ತಟ್ಟೆ ಇಡಲು ಹೋದವನ ಬೆರಳಿಗೆ ಹಲ್ಲು ತಾಗಿ ಸ್ವಲ್ಪ ರಕ್ತ ಬಂತು. ಅರಸಿನ ಹಚ್ಚಿದೆ. ಈಗ ಇನ್ನೂ ದೂರ ಓಡ್ತಾನೆ. ಇವನಿಗೆ ಜವಾಬ್ದಾರಿ ಕಲಿಸುವುದು ಹೇಗೆ? ಮರಿಯನ್ನು ವಾಪಸು ಕೊಟ್ಟುಬಿಡುವುದಾ?

ಬಿಜೈಯವಳು:
ಜವಾಬ್ದಾರಿಯ ಮಾತು ಆಮೇಲೆ. ಮರಿಗೆ ರೇಬಿಸ್ ಲಸಿಕೆ ಆಗಿದೆಯಾ? ಇದನ್ನು ಓದಿದ ಕೂಡಲೇ ಗಾಯವನ್ನು ನಲ್ಲಿಯ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಆ ಅರಸಿನ ಎಲ್ಲ ಹೋಗಲಿ. ಮತ್ತೆ ಸೀದಾ ಅಜ್ಜರಕಾಡು ಜಿಲ್ಲಾಸ್ಪತ್ರೆ. ರಕ್ತ ಬಂದದ್ದನ್ನು ಮರೆಯದೆ ಹೇಳಿ, ಅಂಥ ಗಾಯಕ್ಕೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ (ಲಸಿಕೆ ಕೆಲಸ ಶುರು ಮಾಡುವವರೆಗೆ ಕಾಯುವ ಚುಚ್ಚುಮದ್ದು) ಕೂಡ ಬೇಕಾಗ್ತದೆ. ಲಸಿಕೆ ಚರ್ಮಕ್ಕಾದರೆ 0, 3, 7, 28ನೇ ದಿನ (0 ಅಂದರೆ ಮೊದಲ ಸೂಜಿಯ ದಿನ). ಸ್ನಾಯುವಿಗಾದರೆ 14ನೇ ದಿನವೂ ಸೇರಿ ಐದು. ಮರಿಯನ್ನು 10 ದಿನ ಕಣ್ಣಿಟ್ಟು ನೋಡಬೇಕು, ಆದರೆ ಅಷ್ಟು ದಿನ ಹುಡುಗನ ಲಸಿಕೆಗೆ ಕಾಯಬೇಡಿ. ವಾಪಸು ಕೊಡುವ ಮಾತು ಈಗ ಎತ್ತಲೇಬೇಡಿ ಮಾರಾಯ್ರೇ. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಮದ್ದಿಲ್ಲ.

ಕುಂದಾಪುರದ ಮಾಷ್ಟ್ರು:
ಹಸಿದ ಮರಿ ತಟ್ಟೆ ಕಂಡರೆ ಹಾರದೆ ಇರ್ತದಾ? ಅದನ್ನು ಉಪವಾಸ ಕೆಡವಿದ್ದು ಯಾರು ಅಂತ ನಿಮ್ಮವರನ್ನೇ ಕೇಳಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಸಾಕಿದ ಪ್ರಾಣಿಗೆ ಅನ್ನ ನೀರು ಕೊಡದಿರುವುದೂ ಅಪರಾಧವೇ. ಮೊದಲ ಸಲಕ್ಕೆ ದಂಡ 50 ರೂಪಾಯಿ ದಾಟುವುದಿಲ್ಲ, ಅದು ಬೇರೆ ಮಾತು.

ನಮ್ಮ ಮನೆಯಲ್ಲಿ ಎರಡು ದನ ಇದ್ದವು. ಅಕ್ಕಚ್ಚು ಕೊಟ್ಟಿಗೆ ಮುಟ್ಟದೆ ನಮಗೆ ಚಾ ಇಲ್ಲ, ಅಪ್ಪಯ್ಯನಿಗೂ ಇಲ್ಲ. ಪಾತ್ರೆಯ ಒಂದು ಕಿವಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಎರಡು ಮಳೆಗಾಲ ಹಾಗೆ ಹೊತ್ತೆವು. ಒಂದು ದಿನ ಅವರು ಜ್ವರ ಬಂದು ಏಳಲಿಲ್ಲ. ಯಾರೂ ಹೇಳದೆಯೇ ನಾನು ಅರ್ಧರ್ಧ ಮಾಡಿ ಎರಡು ಸಲ ಹೊತ್ತೆ.

ನಿಮ್ಮವನಿಗೆ ಒಂದೇ ಕೆಲಸ ಕೊಡಿ, ಬೆಳಿಗ್ಗೆ ನೀರಿನ ತಟ್ಟೆ. ಅಪ್ಪ ಪಕ್ಕದಲ್ಲಿ ನಿಂತಿರಲಿ. ಗಲೀಜು ತೊಳೆಯುವುದು ಹುಡುಗನಿಗೆ ಬೇಡ. ಇಲಿಜ್ವರ ಇಲಿಯಿಂದ ಮಾತ್ರ ಬರುವುದಲ್ಲ, ನಾಯಿಯ ಮೂತ್ರದಿಂದಲೂ ಬರ್ತದೆ. ಅದು ದೊಡ್ಡವರು ಚಪ್ಪಲಿ ಮೆಟ್ಟಿ ಮಾಡುವ ಕೆಲಸ. ನಿಮ್ಮವರಿಗೆ ಚಪ್ಪಲಿ ಉಂಟಲ್ಲ?

ಕಟಪಾಡಿಯ ಅಮ್ಮ:
ಹೋಗಿ ಬಂದೆವು. ಮರಿಗೆ ಲಸಿಕೆ ಆಗಿರಲಿಲ್ಲ. ಮೂರು ತಿಂಗಳು ತುಂಬಲಿ ಅಂತ ಕಾದದ್ದು, ತುಂಬಿದ ಮೇಲೆ "ಈ ಆದಿತ್ಯವಾರ, ಬರುವ ಆದಿತ್ಯವಾರ" ಅಂತ ನಮ್ಮವರು ಇನ್ನೊಂದು ತಿಂಗಳು ತಳ್ಳಿದ್ದು. ಆಸ್ಪತ್ರೆಯ ಬೆಂಚಿನಲ್ಲಿ ಹುಡುಗ ಕೇಳಿದ, "ನನಗೆ ನಾಲ್ಕು ದಿನ ಸೂಜಿ, ಬೊಗ್ಗನಿಗೆ ಎಷ್ಟು?" "ಈಗ ಒಂದು, ಮತ್ತೆ ವರ್ಷಕ್ಕೊಂದು" ಅಂದರು ಅಪ್ಪ. "ಒಂದೇ ಅಲ್ವಾ, ಮೊದಲೇ ಹಾಕಿಸಬಹುದಿತ್ತಲ್ಲ?" ಇವರು ಆಮೇಲೆ ಮನೆ ಮುಟ್ಟುವವರೆಗೆ ಮಾತಿಲ್ಲ.

ನೀರಿನ ತಟ್ಟೆ ಇವತ್ತು ಇಟ್ಟಿದ್ದಾನೆ. ಮೂರಡಿ ದೂರ ನಿಂತು, ಹಿಡಿಸೂಡಿಯ ತುದಿಯಲ್ಲಿ ತಳ್ಳಿ.