ಸಹಾಯ ಬೇಕು: ಡ್ರೈ ಹಾಪ್ ಚೂರು ಕೆಗ್‌ಗೆ ಬರುತ್ತಿದೆ, ಬಿಯರ್ ತಿಳಿಯಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಮಾಡಿದ್ದು 20 ಲೀಟರ್ ಪೇಲ್ ಏಲ್ ಬಿಯರ್. ಕುದಿ ಮುಗಿಯಲು 10 ನಿಮಿಷ ಇರುವಾಗ ಐರಿಶ್ ಮಾಸ್ (ಬಿಯರ್ ತಿಳಿಯಾಗಲು ಹಾಕುವ ಕಡಲ ಪಾಚಿ) ಹಾಕಿದೆ. ತಣಿಸಿದ ಮೇಲೆ ಸುಳಿ ಎಬ್ಬಿಸಿ 20 ನಿಮಿಷ ಬಿಟ್ಟಿದ್ದರಿಂದ ಪಾತ್ರೆಯ ಗಸಿ ನಡುವೆ ಗುಡ್ಡೆಯಾಗಿ ನಿಂತಿತು, ಅಲ್ಲಿ ತೊಂದರೆಯಿಲ್ಲ.

ತೊಂದರೆ ಡ್ರೈ ಹಾಪ್‌ನದು, ಅಂದರೆ ಪರಿಮಳಕ್ಕಾಗಿ ಕುದಿಸದೆ ಬಿಯರ್‌ಗೆ ಹಾಕುವ ಹಾಪ್ ಹೂವಿನದು. 100 ಗ್ರಾಂ ಪೆಲೆಟ್ (ಪುಡಿ ಮಾಡಿ ಒತ್ತಿದ ಹಾಪ್ ಗುಳಿಗೆ), ಚೀಲವಿಲ್ಲದೆ, 18 ಡಿಗ್ರಿಯಲ್ಲಿ 3 ದಿನ. ಆಮೇಲೆ 2 ಡಿಗ್ರಿಗೆ ಇಳಿಸಿ 48 ಗಂಟೆ. ಹೆಚ್ಚಿನ ಚೂರು ತಳಕ್ಕಿಳಿದರೂ ಒಂದು ಪದರ ಮೇಲೆ ತೇಲುತ್ತಲೇ ಇದೆ. ಸೈಫನ್ ಕೊನೆಗೆ ಬಂದಾಗ ಅದು ಕೊಳವೆಯೊಳಗೆ ಸೇರಿ ಕೆಗ್‌ನ (ಬಿಯರ್ ಪೀಪಾಯಿಯ) ಪಾಪೆಟ್ ಎಂಬ ಚಿಕ್ಕ ಕವಾಟದಲ್ಲಿ ಸಿಕ್ಕಿಕೊಳ್ಳುತ್ತದೆ, ಗ್ಲಾಸಿಗೆ ಬರೀ ನೊರೆ.

ಸೈಫನ್ ಕೊಳವೆಯ ತುದಿಗೆ ಜಾಲರಿ ಚೀಲ ಕಟ್ಟಿದರೆ ಜಾಲರಿ ಮುಚ್ಚಿಹೋಗಿ ಕೊಳವೆ ಗಾಳಿ ಎಳೆಯುತ್ತದೆ. ಹಾಪ್ ಹೆಚ್ಚಿರುವ ಬಿಯರ್‌ಗೆ ಆಮ್ಲಜನಕ ತಗುಲಿದರೆ ಪರಿಮಳವೇ ಹೋಗುತ್ತದಲ್ಲ, ಅದೇ ನನ್ನ ದೊಡ್ಡ ಚಿಂತೆ. ಪೆಲೆಟ್‌ಗಳನ್ನೇ ಚೀಲದಲ್ಲಿ ಹಾಕೋಣವೆಂದರೆ ಅವು ಊದಿ ಒತ್ತಾಗಿ, ನಡುವಿನವು ಸರಿಯಾಗಿ ನೆನೆಯುವುದಿಲ್ಲ. 100 ಗ್ರಾಂಗೆ ಎಷ್ಟು ದೊಡ್ಡ ಚೀಲ, ಎಷ್ಟು ಮೈಕ್ರಾನ್ ಜಾಲರಿ ಬಳಸುತ್ತೀರಿ? ತೇಲುವ ಡಿಪ್ ಟ್ಯೂಬ್ (ಕೆಗ್‌ನ ಮೇಲ್ಭಾಗದ ಬಿಯರ್ ಎಳೆಯುವ ಕೊಳವೆ) ಹಾಕಿದವರಿಗೆ ಈ ತೇಲುವ ಪದರ ಕಾಟ ಕೊಟ್ಟಿದೆಯೇ?

ಬಿಯರ್ ಮಂಜಾಗಿರುವುದು ಬೇರೆ ವಿಷಯ. ಗ್ಲಾಸ್ ಬಿಸಿಯೇರಿದಂತೆ ತಿಳಿಯಾಗುತ್ತದೆ, ಹಾಗಾಗಿ ಯೀಸ್ಟ್ ಅಲ್ಲ, ಪ್ರೋಟೀನ್ ಮತ್ತು ಪಾಲಿಫಿನಾಲ್ ಸೇರಿ ಆಗುವ ಚಿಲ್ ಹೇಜ್ (ತಣ್ಣಗಾದಾಗ ಕಾಣುವ ಮಂಜು) ಅನಿಸುತ್ತದೆ. ತಿಳಿಯಾಗಿಸಲು ಅರ್ಧ ಟೀ ಚಮಚ ಜೆಲಟಿನ್ ಅನ್ನು 100 ಮಿಲಿ ನೀರಿನಲ್ಲಿ 68 ಡಿಗ್ರಿಗೆ ಕಾಯಿಸಿ (ಕುದಿಸದೆ) ತಣ್ಣಗಿನ ಬಿಯರ್‌ಗೆ ಸೇರಿಸುವ ಯೋಚನೆಯಿದೆ. ಡ್ರೈ ಹಾಪ್‌ನ ಪರಿಮಳ ಇದರಿಂದ ಕುಗ್ಗುತ್ತದೆಯೇ? ಜೆಲಟಿನ್ ಅನ್ನು ಫರ್ಮೆಂಟರ್‌ಗೆ (ಹುದುಗಿಸುವ ಪಾತ್ರೆಗೆ) ಹಾಕುವುದೋ, ಕೆಗ್‌ಗೋ? ಮಾಡಿ ನೋಡಿದವರು ದಯವಿಟ್ಟು ಅಳತೆ ಸಮೇತ ತಿಳಿಸಿ.