ಕ್ವಿಜ್ ಹಾಳೆ ಜೆರಾಕ್ಸ್‌ಗೆ ಹೋಗೋ ಮುಂಚೆ

ಗುಂಪು: ಹೈಸ್ಕೂಲ್ ಗೆಳೆಯರು, ತುಮಕೂರು

ರಂಗಸ್ವಾಮಿ: ಶನಿವಾರದ ಮಕ್ಕಳ ಕ್ವಿಜ್ ಹಾಳೆ ಮೇಲೆ ಹಾಕಿದೀನಿ. ಯುದ್ಧ ಸ್ಮರಣೆ, ಪಾನೀಯ, ಭೂಗೋಳ, ಒಟ್ಟು 30 ಪ್ರಶ್ನೆ. ನಾಳೆ ಬೆಳಗ್ಗೆ ಅಶೋಕ ರಸ್ತೇಲಿ ಜೆರಾಕ್ಸ್‌ಗೆ ಕೊಡ್ತೀನಿ. ತಪ್ಪಿದ್ರೆ ಈಗ್ಲೇ ಹೇಳಿ.

ಗಿರಿಜಾ: ಕೊಡ್ಬೇಡ, ತಡಿ. 7ನೇದು ತಪ್ಪು. ದೆಹಲಿಯ ತೀನ್ ಮೂರ್ತಿ ಅಂದ್ರೆ ಭೂಸೇನೆ, ನೌಕಾಪಡೆ, ವಾಯುಪಡೆ ಅಂತ ಬರೆದಿದೀಯ. ಅದು ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳ ಅಶ್ವದಳದ ಸ್ಮಾರಕ.

ಮಂಜುನಾಥ: ಮೂರು ಪಡೆ ಅಂತ್ಲೇ ಎಷ್ಟೋ ಕಡೆ ಓದಿದೀವಲ್ಲಮ್ಮ.

ಗಿರಿಜಾ: ಇಸವಿ ನೋಡು ಮಂಜು. ಸ್ಮಾರಕ ಕಟ್ಟಿದ್ದು 1922ರಲ್ಲಿ. ಭಾರತೀಯ ವಾಯುಪಡೆ ಶುರುವಾಗಿದ್ದೇ 1932ರಲ್ಲಿ. ಇನ್ನೂ ಹುಟ್ಟದೇ ಇರೋ ಪಡೆಗೆ ಮೂರ್ತಿ ನಿಲ್ಲಿಸೋಕಾಗುತ್ತಾ? ನಮ್ಮ ಮೈಸೂರಿನ ಕುದುರೆ ದಳದ ನೆನಪು ಅದು. ನಮ್ಮ ಮಕ್ಕಳಿಗೇ ತಪ್ಪು ಕಲಿಸಬಾರದು.

ರಂಗಸ್ವಾಮಿ: ಸರಿ. "ಹೈಫಾ ಊರಿನ ಮೇಲೆ ನುಗ್ಗಿದ ಮೂರು ಸಂಸ್ಥಾನಗಳು ಯಾವುವು?" ಅಂತ ಮಾಡಲಾ?

ಗಿರಿಜಾ: ಆಗಲೂ ಕೆಡುತ್ತೆ. 1918ರ ಸೆಪ್ಟೆಂಬರ್ 23ಕ್ಕೆ ಜೋಧಪುರದವರು ಊರಿನ ಮೇಲೆ ನುಗ್ಗಿದ್ರು, ಮೈಸೂರಿನವರು ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳನ್ನ ಹಿಡಿದ್ರು. ಮೂರ್ತಿ ಮೂರಿದ್ರೂ ಅವತ್ತಿನ ದಾಳಿ ಎರಡು ಸಂಸ್ಥಾನದ್ದು. "ತೀನ್ ಮೂರ್ತಿ ಸ್ಮಾರಕ ಯಾವ ಮೂರು ಸಂಸ್ಥಾನಗಳ ಅಶ್ವದಳದ್ದು?" ಅಂತ ಕೇಳು. ಒಂದೇ ಉತ್ತರ ಬರುತ್ತೆ.

ಮಂಜುನಾಥ: ಈ ಕಾರ್ಮೆಲ್ ಬೆಟ್ಟ, ಹೈಫಾ ಈಗ ಇಸ್ರೇಲ್‌ನಲ್ಲಿ. 1918ರಲ್ಲಿ ಅದು ಆಟೊಮನ್ ತುರ್ಕರ ಕೈಲಿತ್ತು. ಭೂಗೋಳದ ಪ್ರಶ್ನೇಲಿ "ಈಗ ಯಾವ ದೇಶ" ಅಂತ ಸೇರಿಸು, ಇಲ್ದಿದ್ರೆ ಎರಡೂ ಉತ್ತರಕ್ಕೆ ಅಂಕ ಕೊಡ್ಬೇಕಾಗುತ್ತೆ.

ಗಿರಿಜಾ: 12ನೇದೂ ನೋಡು. ಮೊದಲ ಮಹಾಯುದ್ಧದ ಕದನ ವಿರಾಮಕ್ಕೆ ಸಹಿ ಬಿದ್ದಿದ್ದು 11 ಗಂಟೆಗಲ್ಲ. 1918ರ ನವೆಂಬರ್ 11ರ ಬೆಳಗಿನ ಜಾವ ಐದು ದಾಟಿದ ಮೇಲೆ, ಫ್ರಾನ್ಸಿನ ಕಾಂಪಿಯೆನ್ ಕಾಡಿನಲ್ಲಿ ನಿಂತಿದ್ದ ರೈಲು ಬೋಗಿಯೊಳಗೆ. ಜಾರಿಗೆ ಬಂದಿದ್ದು 11ಕ್ಕೆ. ನಡುವಿನ ಆ ಗಂಟೆಗಳಲ್ಲೂ ಗುಂಡು ಹಾರ್ತಾನೇ ಇತ್ತು, ಜನ ಸಾಯ್ತಾನೇ ಇದ್ರು. ಅದಕ್ಕೇ ಆ ವ್ಯತ್ಯಾಸ ನಂಗೆ ಸಣ್ಣದಲ್ಲ.

ರಂಗಸ್ವಾಮಿ: "ಸಹಿ" ತೆಗೆದು "ಜಾರಿಗೆ ಬಂದದ್ದು" ಅಂತ ಹಾಕ್ದೆ. ಮುಂದೆ?

ಮಂಜುನಾಥ: 15. ಅದೇ ಯುದ್ಧದ ರಣರಂಗ ಗಲ್ಲಿಪೊಲಿ ಏಷ್ಯಾದಲ್ಲಿದೆ ಅಂತ ಇದೆ. ಅದು ಸರಿ, ಟರ್ಕಿಯ ಬಹುಭಾಗ ಏಷ್ಯಾನೇ.

ನಾಗರಾಜ ಸರ್: ಮಂಜುನಾಥ, ನಕ್ಷೆ ಮುಂದೆ ಇಟ್ಟುಕೊಂಡು ನೋಡಪ್ಪ. ಏಜಿಯನ್ ಸಮುದ್ರದಿಂದ ಮರ್ಮರ ಸಮುದ್ರಕ್ಕೆ ಹೋಗೋ ಕಿರಿದಾದ ಜಲಸಂಧಿ ಡಾರ್ಡನೆಲ್ಸ್. ಎರಡು ಖಂಡಗಳ ಗಡಿ ಅದೇ. ಗಲ್ಲಿಪೊಲಿ ಪರ್ಯಾಯ ದ್ವೀಪ ಅದರ ಪಶ್ಚಿಮ ದಡದಲ್ಲಿದೆ. ಅಂದ್ರೆ ಯುರೋಪು. ದೇಶ ನೋಡಿ ಖಂಡ ಹೇಳೋದ್ರಿಂದ್ಲೇ ಈ ತಪ್ಪಾಗೋದು.

ಮಂಜುನಾಥ: ಆದ್ರೆ ಸರ್, 1915ರ ಏಪ್ರಿಲ್ 25ಕ್ಕೆ ಫ್ರೆಂಚರು ಕುಮ್‌ಕಾಲೆಯಲ್ಲಿ ಇಳಿದ್ರಲ್ಲ, ಅದು ಏಷ್ಯಾದ ದಡ.

ನಾಗರಾಜ ಸರ್: ಒಳ್ಳೆ ಮಾತು. ಅದಕ್ಕೇ "ಅಂಜಾಕ್ (ಆಸ್ಟ್ರೇಲಿಯಾ-ನ್ಯೂಜಿಲೆಂಡ್) ಪಡೆ ಇಳಿದ ಪರ್ಯಾಯ ದ್ವೀಪ" ಅಂತ ಬಿಡಿಸಿ ಕೇಳ್ಬೇಕು. ರಂಗಸ್ವಾಮಿ, ಉತ್ತರ ಯುರೋಪು ಅಂತ ತಿದ್ದು.

ಗಿರಿಜಾ: 18ನೇದು ತೆಗೆದೇಬಿಡು ರಂಗ. ಆ ಪಡೆಯನ್ನ ನೆನೆಯೋ ಅಂಜಾಕ್ ದಿನ ಮುಂಜಾನೆ ಕಾಫಿಗೆ ರಮ್ ಹಾಕಿ ಕುಡಿಯೋ "ಗನ್‌ಫೈರ್" ಉತ್ತರ ಸರಿ ಇದೆ, ಆದ್ರೆ ಎಂಟನೇ ಕ್ಲಾಸಿನವರಿಗೆ ರಮ್ಮಿನ ಪ್ರಶ್ನೆ ಬೇಡ. ಬದಲಿಗೆ ಕ್ವಿನೈನ್ ಹಾಕು. 1942ರಲ್ಲಿ ಜಪಾನ್ ಜಾವಾ ಹಿಡಿದಾಗ ಮಿತ್ರರಾಷ್ಟ್ರಗಳಿಗೆ ಕೈತಪ್ಪಿದ ಮಲೇರಿಯಾ ಔಷಧಿ ಯಾವುದು? ಸಿಂಕೋನಾ ಮರದ ತೊಗಟೆಯದು. ಮರದ ಮೂಲ ದಕ್ಷಿಣ ಅಮೆರಿಕದ ಆಂಡೀಸ್. ಟಾನಿಕ್ ವಾಟರ್ ಅನ್ನೋ ಸೋಡಾ ಥರದ ಪಾನೀಯ ಕಹಿ ಇರೋದೂ ಅದರಿಂದ್ಲೇ. ಯುದ್ಧ, ಪಾನೀಯ, ಭೂಗೋಳ ಮೂರೂ ಒಂದೇ ಪ್ರಶ್ನೇಲಿ ಬಂತು.

ಮಂಜುನಾಥ: ಇದನ್ನ ವೇದಿಕೆ ಮೇಲೆ ತೋರಿಸ್ಬೋದು. ಎರಡು ಗಾಜಿನ ಲೋಟ, ಒಂದಕ್ಕೆ ಸೋಡಾ, ಒಂದಕ್ಕೆ ಟಾನಿಕ್ ವಾಟರ್. ದೀಪ ಆರಿಸಿ ನೇರಳಾತೀತ ಬೆಳಕು ಬಿಟ್ರೆ ಟಾನಿಕ್ ಮಾತ್ರ ತಿಳಿನೀಲಿಯಾಗಿ ಹೊಳೆಯುತ್ತೆ. ಆಮೇಲೆ ಒಂದು ಚಮಚ ಅಡುಗೆ ಉಪ್ಪು ಹಾಕಿ ಕದಡಿದ್ರೆ ಹೊಳಪು ಮಂಕಾಗುತ್ತೆ, ಉಪ್ಪಿನ ಕ್ಲೋರೈಡ್ ಅದನ್ನ ತಡೆಯುತ್ತೆ. ಉಪ್ಪು ಹಾಕ್ತಿದ್ದ ಹಾಗೆ ನೊರೆ ಉಕ್ಕುತ್ತೆ, ಲೋಟ ಅರ್ಧ ಮಾತ್ರ ತುಂಬು. ಬಾಟಲಿ ಚೀಟಿ ಮೇಲೆ ಕ್ವಿನೈನ್ ಅಂತ ಇರಲೇಬೇಕು.

ರಂಗಸ್ವಾಮಿ: ಬೆಳಕು ಎಲ್ಲಿಂದ ತರಲಿ?

ಮಂಜುನಾಥ: ಖೋಟಾ ನೋಟು ನೋಡೋ ಟಾರ್ಚ್ ಸಾಕು. ಮಂಡಿಪೇಟೆಯಲ್ಲಿ ವಿಚಾರಿಸು. ಮಕ್ಕಳ ಕಣ್ಣಿಗೆ ಬೀಳದ ಹಾಗೆ ಲೋಟದ ಕಡೆಗೇ ಹಿಡಿ.

ನಾಗರಾಜ ಸರ್: 19ರಿಂದ 30 ಇನ್ನೂ ನೋಡಿಲ್ಲ. ಜೆರಾಕ್ಸ್ ಹತ್ತು ಗಂಟೆ ಮೇಲೆ ಮಾಡ್ಸು, ರಂಗಸ್ವಾಮಿ.