ಸಹಾಯ ಬೇಕು: ಘಾಟಿ ಏರುವಾಗ ಜೀಪಿನ ಟರ್ಬೊ ಕೈಕೊಡುತ್ತಿದೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಬಳಿಯ ನಮ್ಮ ಕಾಫಿ ತೋಟದಲ್ಲಿ 2011ರ ಮಾದರಿಯ ಡೀಸೆಲ್ ಫೋರ್‌ವೀಲ್ ಜೀಪು ಇದೆ. ಚಾರ್ಮಾಡಿ ಘಾಟಿಯಲ್ಲಿ ಕೊಟ್ಟಿಗೆಹಾರದ ಕಡೆಗೆ ಏರುವಾಗ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಪಿಕಪ್ ಒಮ್ಮೆಲೇ ಬಿದ್ದುಹೋಗಿ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಬದಿಗೆ ನಿಲ್ಲಿಸಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ.

ಸ್ಕ್ಯಾನರ್ ಹಾಕಿಸಿದಾಗ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊದ ಒತ್ತಡ ಸಾಲದೆಂದು ಸೂಚಿಸುವ ಪಿ0299 ಕೋಡ್ ಬಂತು. ಆ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಹೋಸಿನಲ್ಲಿ, ಕ್ಲ್ಯಾಂಪಿನ ಅಡಿಯಲ್ಲೇ, ಕೂದಲೆಳೆಯಷ್ಟು ಸೀಳು ಇದ್ದು ಸುತ್ತಲೂ ಕಪ್ಪು ಜಿಡ್ಡು ಕಟ್ಟಿತ್ತು. ಹೋಸ್ ಬದಲಿಸಿದ ಮೇಲೆ ಎರಡು ವಾರ ಸರಿಯಿದ್ದು, ಈಗ ಮತ್ತೆ ಅದೇ ತೊಂದರೆ. ಟರ್ಬೊವನ್ನೇ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಆದರೆ ಟರ್ಬೊ ಶಾಫ್ಟಿನಲ್ಲಿ ಅತಿಯಾದ ಅಲುಗಾಟವಿಲ್ಲ, ಆಯಿಲ್ ಸೋರಿಕೆಯೂ ಇಲ್ಲದಿರುವುದರಿಂದ ನನಗೆ ಒಪ್ಪಿಗೆಯಾಗುತ್ತಿಲ್ಲ. ಟರ್ಬೊ ಒಳಗಿನ ಚಲಿಸುವ ವೇನ್‌ಗಳು (ಸಣ್ಣ ರೆಕ್ಕೆಗಳು) ಮಸಿ ಹಿಡಿದು ಬಿಸಿಗೆ ಸಿಕ್ಕಿಕೊಳ್ಳುತ್ತಿರಬಹುದು, ಇಲ್ಲವೇ ಅವನ್ನು ತಿರುಗಿಸುವ ಆಕ್ಚುಯೇಟರಿಗೆ ಹೋಗುವ ಹಳೆಯ ವ್ಯಾಕ್ಯೂಮ್ ಪೈಪು ಗಾಳಿ ಎಳೆಯುತ್ತಿರಬಹುದು ಎಂಬುದು ನನ್ನ ಅನುಮಾನ.

ಕೈ ವ್ಯಾಕ್ಯೂಮ್ ಪಂಪ್ ಹಿಡಿದು ಆಕ್ಚುಯೇಟರನ್ನು ಪರೀಕ್ಷಿಸಿದ ಅನುಭವವಿರುವವರು ವಿಧಾನವನ್ನು ದಯವಿಟ್ಟು ತಿಳಿಸಿ. ಟರ್ಬೊ ಬಿಚ್ಚಿ ವೇನ್‌ಗಳನ್ನು ಶುಚಿಗೊಳಿಸಿಕೊಡುವ ನಂಬಿಕಸ್ಥರು ಚಿಕ್ಕಮಗಳೂರು ಅಥವಾ ಹಾಸನದಲ್ಲಿದ್ದರೆ ಅದನ್ನೂ ಹೇಳಿ. ಕಾಫಿ ಕೊಯ್ಲು ಶುರುವಾಗುವುದರೊಳಗೆ ಜೀಪು ಸರಿಯಾಗಲೇಬೇಕಿದೆ.